ಹಳೆಯ 9.9 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್): ಕೆಳಗಿನ ಸಿಲಿಂಡರಿನ ಕಂಪ್ರೆಷನ್ ಬಿದ್ದಿದೆ, ಬೋರ್ ಮಾಡಿಸುವ ಮುನ್ನ ಒಳಗೆ ಏನೇನು ನೋಡಬೇಕು?

ತದಡಿ_ದೋಣಿ:

ಇಂಜಿನ್ ಯಮಾಹಾ ಎಂಡ್ಯೂರೊ 9.9, ಎರಡು ಸಿಲಿಂಡರಿನ ಟೂ ಸ್ಟ್ರೋಕ್, 246 ಸಿಸಿ, ಸೀಮೆಎಣ್ಣೆ ಮಾದರಿ. ಸೆಕೆಂಡ್ ಹ್ಯಾಂಡ್. ಉಪ್ಪುನೀರಿನಲ್ಲೇ ದುಡಿದದ್ದು, ಹಿಂದೆ ಯಾವಾಗ ಏನು ಬದಲಿಸಿದ್ದಾರೆ ಎಂಬ ಲೆಕ್ಕ ಇಲ್ಲ.

ಪೆಟ್ರೋಲಿನಲ್ಲಿ ಐದಾರು ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಸೀಮೆಎಣ್ಣೆಗೆ ತಿರುಗಿಸಿದರೆ ಐಡ್ಲಿಂಗ್ ನಿಲ್ಲುವುದಿಲ್ಲ. ರೇಸ್ ಕೊಟ್ಟರೆ ಓಡುತ್ತದೆ, ಆದರೆ ಬಲೆ, ಮೀನು ತುಂಬಿದ ದೋಣಿಯನ್ನು ಅಳಿವೆಯ ಎದುರು ನೀರಿನಲ್ಲಿ ಎಳೆಯುವಷ್ಟು ಜೋರು ಇಲ್ಲ. ಕಂಪ್ರೆಷನ್ (ಪಿಸ್ಟನ್ ಸಿಲಿಂಡರಿನೊಳಗೆ ಕಟ್ಟುವ ಒತ್ತಡ) ಮೇಲಿನ ಸಿಲಿಂಡರಿನಲ್ಲಿ 92 ಪಿಎಸ್‌ಐ, ಕೆಳಗಿನದರಲ್ಲಿ 61. ಕೆಳಗಿನ ಪ್ಲಗ್ ಯಾವಾಗಲೂ ಒದ್ದೆ. ಕೂಲಿಂಗ್ ನೀರು ಸಣ್ಣ ದಾರದ ಹಾಗೆ ಬೀಳುತ್ತದೆ. ಗೇರ್ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದೆ.

ಮೆಕ್ಯಾನಿಕ್ ಹೇಳುವುದು ಒಂದೇ ಮಾತು: ಕೆಳಗಿನ ಸಿಲಿಂಡರ್ 0.25 ಮಿ.ಮೀ. ಬೋರ್ ಮಾಡಿ (ಒಳಗೋಡೆ ಕೊರೆದು ಅಗಲಿಸಿ) ಹೊಸ ಪಿಸ್ಟನ್, ರಿಂಗ್ ಹಾಕೋಣ. ಅಷ್ಟು ಸಾಕೇ? ಬ್ಲಾಕ್ ಬಿಚ್ಚಿದಾಗ ಬೇರೆ ಏನೇನು ನೋಡಬೇಕು? ತುಕ್ಕು ಹಿಡಿದ ಬೋಲ್ಟುಗಳನ್ನು ತುಂಡಾಗದಂತೆ ತೆಗೆಯುವುದು ಹೇಗೆ? ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ನಿಷೇಧ, 10 ಎಚ್‌ಪಿ ಒಳಗಿನ ನಾಡದೋಣಿಗೆ ಅದೇ ಸೀಸನ್. ಮೇ ಮುಗಿಯುವುದರೊಳಗೆ ಇಂಜಿನ್ ತಯಾರಾಗಬೇಕು.

ಗಂಗೊಳ್ಳಿ_ಓಬಿಎಂ:

ಬೋರ್ ಮಾಡಿಸುವುದಕ್ಕೆ ಅವಸರ ಬೇಡ. ಎರಡು ಸಿಲಿಂಡರಿಗೂ ಅದೇ ಎಣ್ಣೆ, ಅದೇ ಕಾರ್ಬುರೇಟರ್. ಹಾಗಿದ್ದೂ ಕೆಳಗಿನದು ಮಾತ್ರ ಸವೆದಿದ್ದರೆ ಅದಕ್ಕೆ ಬೇರೆ ಕಾರಣ ಇದ್ದೇ ಇದೆ. ಆ ಕಾರಣ ಒಳಗೇ ಉಳಿದರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ಮೊದಲು ಅಳತೆ ಸರಿಯಾಗಿದೆಯೇ ಖಚಿತ ಮಾಡಿಕೊಳ್ಳಿ. ಇಂಜಿನ್ ಬಿಸಿ ಇರಬೇಕು, ಎರಡೂ ಪ್ಲಗ್ ಬಿಚ್ಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಪ್ಲಗ್ ವೈರುಗಳನ್ನು ಬ್ಲಾಕಿಗೆ ಅರ್ಥ್ ಮಾಡಿ. ಗಾಳಿಯಲ್ಲಿ ನೇತಾಡಲು ಬಿಟ್ಟು ಎಳೆದರೆ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಡಬಹುದು. ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ, ಅಂದರೆ ಐದಾರು ಸಲ ಎಳೆಯಿರಿ. ನಿಮ್ಮ 92 ಕಡಿಮೆ ಎಂದು ಹೆದರಬೇಡಿ. ಸೀಮೆಎಣ್ಣೆ ಬೇಗ ನಾಕ್ ಆಗುತ್ತದೆ, ಅಂದರೆ ಒತ್ತಡಕ್ಕೆ ತಾನಾಗಿಯೇ ಸಿಡಿಯುತ್ತದೆ, ಅದಕ್ಕೇ ಈ ಮಾದರಿಗಳಲ್ಲಿ ಕಂಪ್ರೆಷನ್ ಬೇಕೆಂದೇ ತಗ್ಗಿಸಿರುತ್ತಾರೆ. ಪಕ್ಕದ ದೋಣಿಯ ಪೆಟ್ರೋಲ್ ಇಂಜಿನ್ನಿನ ಜೊತೆ ಹೋಲಿಸುವ ಹಾಗೇ ಇಲ್ಲ. ಎರಡು ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಮುಖ್ಯ. ಅದು 10ರಿಂದ 15 ಶೇಕಡಾ ದಾಟಬಾರದು, ನಿಮ್ಮದು 30 ಶೇಕಡಾ ದಾಟಿದೆ.

ಕೆಳಗಿನ ಪ್ಲಗ್ ತೂತಿನಿಂದ ಒಂದು ಚಮಚ, ಸುಮಾರು 5 ಮಿ.ಲೀ. ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಥಟ್ಟನೆ ಏರಿದರೆ ರಿಂಗ್ ಅಥವಾ ಬೋರ್. ಕದಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ. ಹೆಡ್ಡಿನ ಅಂಚಿಗೆ ಸೋಪು ನೀರು ಸವರಿ ಎಳೆದರೆ ಹೊರಗೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಪ್ಲಗ್ಗಿನ ಒದ್ದೆ ಯಾವುದರದು ಎಂಬುದನ್ನೂ ನೋಡಿ. ಬಿಳಿ ಕಾಗದಕ್ಕೆ ಒತ್ತಿದರೆ ಎಣ್ಣೆಯ ಕಲೆ ಉಳಿಯುತ್ತದೆ, ನೀರಿನದು ಆರುತ್ತದೆ. ಆರಿದ ಜಾಗದಲ್ಲಿ ಉಪ್ಪಿನ ಬಿಳಿ ಗುರುತು ಕಂಡರೆ ಸಮುದ್ರದ ನೀರು ಒಳಗೆ ಬರುತ್ತಿದೆ.

ಇನ್ನು ಬ್ಲಾಕ್ ಇಳಿಸದೆಯೇ ಒಳಗೆ ಇಣುಕುವ ದಾರಿ ಇದೆ: ಎಗ್ಸಾಸ್ಟ್ ಕವರ್. ಬ್ಲಾಕಿನ ಬದಿಯ ಆ ಮುಚ್ಚಳ, ಅದರ ಒಳಗಿನ ತಗಡು ಎರಡನ್ನೂ ತೆಗೆದರೆ ಎಗ್ಸಾಸ್ಟ್ ಪೋರ್ಟಿನಲ್ಲಿ (ಹೊಗೆ ಹೊರಹೋಗುವ ಕಿಂಡಿಯಲ್ಲಿ) ಪಿಸ್ಟನ್ ನೇರವಾಗಿ ಕಾಣುತ್ತದೆ. ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಿ, ರಿಂಗ್ ಪೋರ್ಟಿನ ಎದುರು ಬಂದಾಗ ಮರದ ಕಡ್ಡಿಯಿಂದ ಒತ್ತಿ. ಸ್ಪ್ರಿಂಗಿನಂತೆ ಒಳಹೋಗಿ ಹೊರಬಂದರೆ ರಿಂಗಿಗೆ ಜೀವ ಇದೆ. ಅಲುಗದಿದ್ದರೆ ಕಿಟ್ಟದಲ್ಲಿ ಅಂಟಿದೆ. ಬರೀ ಅಂಟಿದ್ದರೆ, ಗೀರು ಇಲ್ಲದಿದ್ದರೆ, ಕಾರ್ಬನ್ ಕರಗಿಸುವ ಸ್ಪ್ರೇಯನ್ನು ಪ್ಲಗ್ ತೂತಿನಿಂದ ಬಿಟ್ಟು ರಾತ್ರಿಯಿಡೀ ನೆನೆಸಿ ಒಮ್ಮೆ ಪ್ರಯತ್ನಿಸಬಹುದು.

ಗೀರು ಇದ್ದರೆ ಅದು ಪಿಸ್ಟನ್ನಿನ ಯಾವ ಕಡೆ ಇದೆ ಎಂಬುದೇ ಕಾಯಿಲೆಯ ಹೆಸರು ಹೇಳುತ್ತದೆ. ಎಗ್ಸಾಸ್ಟ್ ಬದಿಗೆ ಮಾತ್ರ ಗೀರು ಅಂದರೆ ಅತಿಯಾಗಿ ಕಾದಿದೆ: ನೀರು ಸಾಲದು, ಅಥವಾ ಎಲ್ಲಿಂದಲೋ ಹೆಚ್ಚುವರಿ ಗಾಳಿ ಸೇರಿ ಮಿಶ್ರಣ ತೆಳುವಾಗಿದೆ. ಸುತ್ತಲೂ ಮಂಕಾದ ಉದ್ದ ಗೆರೆಗಳಿದ್ದರೆ ಮರಳು, ಉಪ್ಪಿನ ಹರಳು ಒಳಸೇರಿದೆ. ಇನ್‌ಟೇಕ್ ಬದಿಗೆ ಉಜ್ಜಿದ್ದರೆ ಎಣ್ಣೆ ಸಾಲದೆ ಹೋಗಿದೆ. ಹೆಡ್ ತೆಗೆದಾಗ ಒಂದು ಪಿಸ್ಟನ್ ತಲೆ ಕಪ್ಪಗಿದ್ದು ಇನ್ನೊಂದು ತಿಕ್ಕಿ ತೊಳೆದ ಪಾತ್ರೆಯಂತೆ ಹೊಳೆಯುತ್ತಿದ್ದರೆ ಅಲ್ಲಿ ಗ್ಯಾಸ್ಕೆಟ್ ದಾಟಿ ನೀರು ಬರುತ್ತಿದೆ. ತಲೆಯ ಅಂಚಿನಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ ಇದ್ದರೆ ನಾಕ್. ಸೀಮೆಎಣ್ಣೆ ಇಂಜಿನ್ನಿಗೆ ಯಾರಾದರೂ ಪೆಟ್ರೋಲ್ ಮಾದರಿಯ ಹೆಡ್ಡೋ ಗ್ಯಾಸ್ಕೆಟ್ಟೋ ಹಾಕಿದ್ದಾರೆಯೇ ಎಂದು ಪಾರ್ಟ್ ನಂಬರ್ ಹಿಡಿದು ನೋಡಿ.

ಕಾಳಿ_ನದಿ:

ಬೋಲ್ಟಿನ ವಿಷಯಕ್ಕೆ ಬರುತ್ತೇನೆ. ಈ ಇಂಜಿನ್ನುಗಳು ಸಾಯುವುದು ಸವೆತಕ್ಕಿಂತ ಹೆಚ್ಚಾಗಿ ಬಿಚ್ಚುವವನ ಅವಸರಕ್ಕೆ.

ಅಲ್ಯೂಮಿನಿಯಂ ಬ್ಲಾಕು, ಉಕ್ಕಿನ ಬೋಲ್ಟು, ನಡುವೆ ಉಪ್ಪುನೀರು. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ ಬೋಲ್ಟಿನ ಸುತ್ತ ಉಬ್ಬಿ ಕೂತಿರುತ್ತದೆ. ಬಲ ಹಾಕಿದರೆ 6 ಮಿ.ಮೀ. ಬೋಲ್ಟಿನ ತಲೆ ಕೈಗೆ ಬರುತ್ತದೆ, ಮೈ ಒಳಗೇ ಉಳಿಯುತ್ತದೆ. ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಆಮೇಲೆ ಆ ಎಣ್ಣೆಯನ್ನೂ ಸುತ್ತಲಿನ ಇಂಧನವನ್ನೂ ಚೆನ್ನಾಗಿ ಒರೆಸಿ, ಟ್ಯಾಂಕ್, ಪೈಪು, ಕಾರ್ಬುರೇಟರ್ ದೂರವಿಟ್ಟು, ಸಣ್ಣ ಗ್ಯಾಸ್ ಟಾರ್ಚಿನಿಂದ ಬೋಲ್ಟನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಮ್ಮನ್ನು ಕಾಯಿಸಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ನಂತರ ಸಡಿಲಿಸಿ. ಕಾಲು ಸುತ್ತು ಬಂದರೆ ಮತ್ತೆ ಅರ್ಧ ಒಳಗೆ, ಮತ್ತೆ ಹೊರಗೆ. ಹಿಸುಕಿದ ಹಾಗೆ ರಬ್ಬರಿನಂತೆ ತಿರುಗುತ್ತಿದೆ ಅನ್ನಿಸಿದರೆ ನಿಲ್ಲಿಸಿ, ಅದು ತುಂಡಾಗುವ ಸೂಚನೆ.

ತುಂಡಾದರೂ ಕಥೆ ಮುಗಿಯಲಿಲ್ಲ. ಮೈ ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿಸಿ. ವೆಲ್ಡಿನ ಬಿಸಿಗೇ ಅರ್ಧ ಕೆಲಸ ಆಗುತ್ತದೆ. ಒಳಗೇ ಮುರಿದಿದ್ದರೆ ನಡುಮಧ್ಯಕ್ಕೆ ಪಂಚ್ ಹಾಕಿ ಕೊರೆಯಬೇಕು. ಎಳೆ ಹಾಳಾದರೆ ಹೆಲಿಕಾಯಿಲ್ (ತೂತಿಗೆ ಹೊಸ ಎಳೆ ಕೊಡುವ ತಂತಿ ಸುರುಳಿ): 6 ಮಿ.ಮೀ. ಬೋಲ್ಟಿಗೆ 6.3 ಮಿ.ಮೀ. ಡ್ರಿಲ್, 8 ಮಿ.ಮೀ.ಗೆ 8.3. ಇದನ್ನು ಕೈ ಡ್ರಿಲ್ಲಿನಲ್ಲಿ ಅಂದಾಜಿಗೆ ಮಾಡಬೇಡಿ. ಓರೆಯಾದರೆ ನೀರಿನ ಜಾಕೆಟಿಗೆ (ಸಿಲಿಂಡರಿನ ಸುತ್ತ ಕೂಲಿಂಗ್ ನೀರು ಹರಿಯುವ ದಾರಿಗೆ) ತೂತು ಬೀಳುತ್ತದೆ.

ನಿಮ್ಮ ಕೂಲಿಂಗ್ ನೀರು ದಾರದ ಹಾಗೆ ಬೀಳುತ್ತಿದೆ ಅಂದಿರಲ್ಲ, ನನಗೆ ಅದೇ ಮೊದಲ ಅನುಮಾನ. ಹೆಡ್ ಕವರ್, ಎಗ್ಸಾಸ್ಟ್ ಕವರ್ ತೆಗೆದಾಗ ಜಾಕೆಟ್ಟಿನಲ್ಲಿ ಸುಣ್ಣದಂತೆ ಗಟ್ಟಿಯಾದ ಉಪ್ಪು ಸಿಗುತ್ತದೆ, ಕೆಸರು, ಮರಳು ತಳಕ್ಕೆ ಇಳಿದು ಕೂತಿರುತ್ತದೆ. ಮರದ ಚೂಪು ಕಡ್ಡಿ, ನೈಲಾನ್ ಬ್ರಷ್ಷಿನಿಂದ ಕೆರೆಯಿರಿ. ನೀರು ಬೆರೆಸಿದ ಬಿಳಿ ವಿನೆಗರ್ ಸ್ವಲ್ಪ ಹೊತ್ತು ಬಿಟ್ಟು ಸಿಹಿನೀರಿನಲ್ಲಿ ತೊಳೆಯಬಹುದು. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಮುಟ್ಟಿಸಬೇಡಿ, ಅದು ಉಪ್ಪಿಗಿಂತ ಮೊದಲು ಬ್ಲಾಕನ್ನೇ ತಿನ್ನುತ್ತದೆ.

ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಚಕ್ರ) ನೋಡುವ ಪ್ರಶ್ನೆಯೇ ಇಲ್ಲ, ಬದಲಿಸಿ. ಆದರೆ ಹಳೆಯದರ ರೆಕ್ಕೆ ಎಣಿಸಿ. ಒಂದು ಮುರಿದಿದ್ದರೂ ಆ ರಬ್ಬರಿನ ತುಂಡು ನೀರಿನ ಪೈಪಿನಲ್ಲೋ ಥರ್ಮೋಸ್ಟಾಟ್ ಬುಡದಲ್ಲೋ ಇರುತ್ತದೆ, ಅದು ಸಿಗುವವರೆಗೆ ಹುಡುಕಬೇಕು. ಪಂಪಿನ ಒಳ ಬಟ್ಟಲು, ಕೆಳಗಿನ ಪ್ಲೇಟು ಉಗುರಿಗೆ ಸಿಗುವಷ್ಟು ಗೀರಿದ್ದರೆ ಅವೂ ಹೊಸದು. ಕೂರಿಸುವಾಗ ಸೋಪು ನೀರು ಸವರಿ, ಶಾಫ್ಟನ್ನು ಇಂಜಿನ್ ತಿರುಗುವ ದಿಕ್ಕಿಗೇ, ಅಂದರೆ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗಿಸುತ್ತಾ ಬಟ್ಟಲನ್ನು ಒತ್ತಿ. ಥರ್ಮೋಸ್ಟಾಟ್ ಇದ್ದರೆ ಪಾತ್ರೆಯ ನೀರಿನಲ್ಲಿ ತೂಗುಹಾಕಿ ಕಾಯಿಸಿ. ಅದರ ಮೇಲೆ ಅಚ್ಚಾಗಿರುವ ತಾಪದ ಹತ್ತಿರ ತೆರೆಯಬೇಕು, ತಣಿದ ಮೇಲೆ ಪೂರ್ತಿ ಮುಚ್ಚಬೇಕು.

ಕಾಫಿ ಬಣ್ಣದ ಗೇರ್ ಎಣ್ಣೆಗೆ ಮೊದಲ ಆರೋಪಿ ಫ್ಯಾನ್ (ಪ್ರೊಪೆಲ್ಲರ್) ಹಿಂದೆ ಸುತ್ತಿದ ಬಲೆಯ ನೂಲು. ಫ್ಯಾನ್ ಕಳಚಿ ನೋಡಿ. ನೈಲಾನ್ ನೂಲು ಬಿಸಿಯಾಗಿ ಸೀಲಿನ ತುಟಿಯನ್ನೇ ಕತ್ತರಿಸಿರುತ್ತದೆ. ಫ್ಯಾನ್ ಶಾಫ್ಟಿನ ಜೋಡಿ ಸೀಲು, ಡ್ರೈವ್ ಶಾಫ್ಟಿನ ಸೀಲು, ಎರಡು ಡ್ರೈನ್ ಸ್ಕ್ರೂಗಳ ವಾಶರ್ ಎಲ್ಲ ಹೊಸದು. ಶಾಫ್ಟಿನಲ್ಲಿ ಸೀಲ್ ಕೂರುವ ಜಾಗಕ್ಕೆ ಉಗುರು ಎಳೆದು ನೋಡಿ. ಗುಣಿ ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ. ಎಣ್ಣೆ ತುಂಬುವ ಮೊದಲು ಮೇಲಿನ ತೂತಿನಿಂದ ಗಾಳಿ ಕೊಟ್ಟು ಪರೀಕ್ಷೆ: 100 ಕಿಲೋಪಾಸ್ಕಲ್, ಅಂದರೆ ಸುಮಾರು 14 ಪಿಎಸ್‌ಐ, ಹತ್ತು ಸೆಕೆಂಡು ಇಳಿಯದೆ ನಿಲ್ಲಬೇಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಸೀಲೇ ಹೊರಬರುತ್ತದೆ. ಎಣ್ಣೆಯನ್ನು ಕೆಳಗಿನ ತೂತಿನಿಂದ, ಮೇಲಿನಿಂದ ಉಕ್ಕುವವರೆಗೆ ತುಂಬಿ, ಮೊದಲು ಮೇಲಿನ ಸ್ಕ್ರೂ ಹಾಕಿ.

ಲೇತ್_ಕೆಲಸ:

ಬ್ಲಾಕ್ ಇಳಿದ ಮೇಲೆ ಅಳತೆಯ ಮಾತು. ಕಣ್ಣಂದಾಜು ಬೇಡ, ಬೋರ್ ಗೇಜು, ಮೈಕ್ರೋಮೀಟರು, ಫೀಲರ್ ಗೇಜು ಇರುವ ಲೇತ್ ಅಂಗಡಿಗೇ ಕೊಡಿ.

ಈ ಬೋರ್ 56 ಮಿ.ಮೀ. ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲೂ ಅಡ್ಡ, ಉದ್ದ ಎರಡೂ ಕಡೆ ಅಳೆಯಬೇಕು. ಮೇಲಿಗೂ ಕೆಳಗಿಗೂ 0.08 ಮಿ.ಮೀ., ಅಡ್ಡಕ್ಕೂ ಉದ್ದಕ್ಕೂ 0.05 ಮಿ.ಮೀ. ವ್ಯತ್ಯಾಸ ಕಂಡರೆ ಬೋರ್ ಮಾಡಿಸಲೇಬೇಕು. ಪಿಸ್ಟನ್ನನ್ನು ಬುಡದಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡವಾಗಿ ಅಳೆಯಿರಿ. ಹೊಸದರಲ್ಲಿ ನಡುವಿನ ಸಂದು 0.04 ಮಿ.ಮೀ. ಆಸುಪಾಸು. ರಿಂಗನ್ನು ಪಿಸ್ಟನ್ ತಲೆಯಿಂದಲೇ ಬೋರಿನೊಳಗೆ ನೇರ ತಳ್ಳಿ ಬಾಯಿಯ ಸಂದು ನೋಡಿ, 0.15ರಿಂದ 0.35 ಮಿ.ಮೀ. ಒಳಗೆ ಇರಲಿ.

ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಮಾಡಿಸಬೇಡಿ. ಓವರ್‌ಸೈಜ್ 0.25 ಮತ್ತು 0.50 ಬರುತ್ತವೆ. ಬಂದ ಪಿಸ್ಟನ್ನನ್ನೇ ಅಳೆದು, ಅದಕ್ಕೆ ಸಂದು ಕೂಡಿಸಿ ಬೋರ್ ಮಾಡುವುದು ಸರಿಯಾದ ಕ್ರಮ. ಬೋರ್ ಆದ ಮೇಲೆ ಹೋನ್ ಮಾಡಿ (ಸಾಣೆಕಲ್ಲಿನಿಂದ ಒಳಗೋಡೆಗೆ ಸಣ್ಣ ಗೆರೆ ಎಳೆದು), ಪೋರ್ಟುಗಳ ಅಂಚನ್ನೆಲ್ಲ ಸಣ್ಣದಾಗಿ ಉಜ್ಜಿ ಮೊನೆ ಮುರಿಯಬೇಕು. ಕಾರು, ಬೈಕು ಮಾತ್ರ ಮಾಡುವವರು ಇದನ್ನು ಮರೆಯುತ್ತಾರೆ. ಮೊನೆ ಉಳಿದರೆ ರಿಂಗ್ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ನಂತರ ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದರೆ ಹೋನಿನ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆ ಒರೆಸಿದಾಗ ಬಿಳಿಯಾಗೇ ಬರಬೇಕು. ಕೂಡಲೇ ಎಣ್ಣೆ ಸವರಿ, ಇಲ್ಲದಿದ್ದರೆ ಕಡಲ ಗಾಳಿಗೆ ಬೀಡು ಕಬ್ಬಿಣದ ಲೈನರ್ (ಸಿಲಿಂಡರಿನ ಒಳಕೊಳವೆ) ಸಂಜೆಯೊಳಗೆ ಕೆಂಪಾಗುತ್ತದೆ.

ಹೆಡ್ಡಿನ ಮಟ್ಟ: ನೇರ ಪಟ್ಟಿ ಇಟ್ಟು 0.1 ಮಿ.ಮೀ. ಫೀಲರ್ ತೂರಿದರೆ ದಪ್ಪ ಗಾಜಿನ ಮೇಲೆ 400 ನಂಬರ್ ನೀರು ಕಾಗದ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ, 600ರಲ್ಲಿ ಮುಗಿಸಿ.

ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ನೋಡದೆ ಬರೀ ಪಿಸ್ಟನ್ ಹಾಕುವುದು ನನ್ನ ಲೆಕ್ಕದಲ್ಲಿ ಅರ್ಧ ಕೆಲಸವೂ ಅಲ್ಲ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದರೆ ಒಂದಿಷ್ಟೂ ಅಲುಗಬಾರದು. ಪಕ್ಕಕ್ಕೆ ವಾಲಿಸಿದರೆ ಮೇಲ್ತುದಿಯಲ್ಲಿ 2 ಮಿ.ಮೀ.ವರೆಗೆ ಸರಿ. ಬೇರಿಂಗುಗಳನ್ನು ತೊಳೆದು, ಒಣಗಿಸಿ, ಕೈಯಲ್ಲಿ ತಿರುಗಿಸಿ. ತುಕ್ಕಿನ ಚುಕ್ಕೆ ಇದ್ದರೆ ಬೆರಳಿಗೆ ಮರಳು ಅರೆದ ಹಾಗೆ ತಿಳಿಯುತ್ತದೆ. ರಾಡಿನ ಬುಡ ನೀಲಿಗಟ್ಟಿದ್ದರೆ ಕಾದಿದೆ. ಎರಡು ವಿ ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಲ್ಲಿ ತಿರುಗಿಸಿದಾಗ ಓಟ (ಓಲಾಟ) 0.03 ಮಿ.ಮೀ. ದಾಟಬಾರದು. ಇದು ಒತ್ತಿ ಕೂಡಿಸಿದ ಕ್ರ್ಯಾಂಕ್, ಸುತ್ತಿಗೆಯಿಂದ ಒಂದೇಟು ಬಿದ್ದರೂ ತಿರುಚುತ್ತದೆ. ಆದ್ದರಿಂದ ಫ್ಲೈವೀಲ್ ತೆಗೆಯಲು ಪುಲ್ಲರ್ ಬಿಟ್ಟು ಬೇರೇನೂ ಬೇಡ.

ತದಡಿ_ದೋಣಿ:

ಎಲ್ಲರಿಗೂ ಧನ್ಯವಾದ. ಬ್ಲಾಕ್ ಬಿಚ್ಚಿ ಆಯಿತು. ಎರಡು ಬೋಲ್ಟ್ ತುಂಡಾದವು, ಎರಡೂ ಎಗ್ಸಾಸ್ಟ್ ಕವರಿನವು. ಒಳಗೆ ಕಂಡದ್ದು:

ಕೆಳಗಿನ ಪಿಸ್ಟನ್ನಿಗೆ ಎಗ್ಸಾಸ್ಟ್ ಬದಿಗೆ ಮಾತ್ರ ಗೀರು, ಮೇಲಿನ ರಿಂಗ್ ಅಂಟಿದೆ. ಬೋರ್ ಮೇಲೆ 56.11, ಕೆಳಗೆ 56.03. ಮೇಲಿನ ಸಿಲಿಂಡರ್ 56.05, ಅದರ ಪಿಸ್ಟನ್ 55.92. ಜಾಕೆಟ್ಟಿನ ತಳದಲ್ಲಿ ಉಪ್ಪು ಕಲ್ಲಾಗಿದೆ. ಕ್ರ್ಯಾಂಕಿನ ಕೆಳ ತುದಿಯ ಸೀಲ್ ಪ್ಲಾಸ್ಟಿಕ್ಕಿನಂತೆ ಗಟ್ಟಿ, ತುಟಿಯಲ್ಲಿ ಬಿರುಕು. ಅದರ ಪಕ್ಕದ ಬೇರಿಂಗಿನಲ್ಲಿ ಕಂದು ಚುಕ್ಕೆ. ರಾಡುಗಳಲ್ಲಿ ಆಟ ಇಲ್ಲ. ರೀಡ್ ವಾಲ್ವಿನ (ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಎಲೆಗಳ ವಾಲ್ವು) ಒಂದು ಎಲೆ ಸ್ವಲ್ಪ ತೆರೆದೇ ಇರುತ್ತದೆ.

ಮೇಲಿನ ಸಿಲಿಂಡರನ್ನೂ ಬೋರ್ ಮಾಡಿಸಬೇಕೇ? ಕೂಡಿಸುವಾಗ ಎಚ್ಚರ ಎಲ್ಲಿ?

ಗಂಗೊಳ್ಳಿ_ಓಬಿಎಂ:

ಕಾರಣ ಸಿಕ್ಕಿತು, ಒಂದಲ್ಲ ಎರಡು. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೇರುವಾಗ ಅಲ್ಲಿ ಉಂಟಾಗುವ ಸೆಳೆತ ಕಾರ್ಬುರೇಟರಿನಿಂದ ಮಾತ್ರ ಎಳೆಯಬೇಕು. ಬಿರುಕು ಬಿಟ್ಟ ಕೆಳ ಸೀಲಿನಿಂದ ಅದು ಎಗ್ಸಾಸ್ಟ್ ಹೊಗೆಯನ್ನೂ ನೀರಿನ ಹನಿಯನ್ನೂ ಎಳೆದುಕೊಂಡಿದೆ. ಬೇರಿಂಗಿನ ಕಂದು ಚುಕ್ಕೆ ಅದೇ ನೀರಿನದು. ಪಿಸ್ಟನ್ ಇಳಿಯುವಾಗ ಅದೇ ಬಿರುಕಿನಿಂದ ಒತ್ತಡ ಸೋರಿ ಮೇಲಕ್ಕೆ ಹೋಗುವ ಮಿಶ್ರಣವೂ ಕಡಿಮೆ. ಐಡ್ಲಿಂಗ್ ನಿಲ್ಲದಿರುವುದು, ಕೆಳಗಿನ ಪ್ಲಗ್ ಸರಿಯಾಗಿ ಉರಿಯದೆ ಒದ್ದೆಯಾಗುವುದು ಎರಡಕ್ಕೂ ಇದು ಸಾಕು. ಅದರ ಜೊತೆಗೆ ಜಾಕೆಟ್ ಉಪ್ಪಿನಿಂದ ಕಟ್ಟಿಕೊಂಡು ಕಾವು ಏರಿದೆ. ಬರೀ ಬೋರ್ ಮಾಡಿ ಮುಚ್ಚಿದ್ದರೆ ಈ ಮಳೆಗಾಲ ದಾಟುತ್ತಿರಲಿಲ್ಲ.

ಆ ಬೇರಿಂಗ್ ಬದಲಿಸಿ, ಮೇಲಿನ ಮತ್ತು ಕೆಳಗಿನ ಸೀಲುಗಳೂ ಹೊಸದು. ಹಳೆಯದನ್ನು ಕೀಳುವ ಮೊದಲು ತುಟಿ ಯಾವ ಕಡೆಗಿತ್ತು ಎಂದು ಫೋಟೊ ತೆಗೆದಿಡಿ. ಎರಡು ಸಿಲಿಂಡರುಗಳ ನಡುವಿನ ಲ್ಯಾಬಿರಿಂತ್ ಸೀಲನ್ನೂ (ತೋಡುಗಳಿಂದ ಒತ್ತಡ ತಡೆಯುವ ಸೀಲು) ನೋಡಿ, ಉಜ್ಜಿದ ಗುರುತು ಆಳವಾಗಿದ್ದರೆ ಒಂದರ ಒತ್ತಡ ಇನ್ನೊಂದಕ್ಕೆ ಸೋರುತ್ತದೆ. ರೀಡ್ ಎಲೆಯ ಸಂದಿಗೆ 0.2 ಮಿ.ಮೀ. ಫೀಲರ್ ತೂರಿದರೆ ಎಲೆ ಬದಲಿಸಿ. ತಿರುವಿ ಹಾಕುವುದು, ಬಗ್ಗಿಸಿ ನೇರ ಮಾಡುವುದು ಬೇಡ. ಮುರಿದ ಎಲೆಯ ಚೂರು ನೇರ ಹೊಸ ಬೋರಿಗೇ ಹೋಗುತ್ತದೆ.

ಲೇತ್_ಕೆಲಸ:

ಮೇಲಿನದರಲ್ಲಿ 56.05ರಿಂದ 55.92 ಕಳೆದರೆ 0.13. ಹೊಸದರ ಮೂರು ಪಟ್ಟು. ಎರಡನ್ನೂ 0.25 ಮಾಡಿಸಿ. ಕೆಳಗಿನದರ ಗೀರು 56.25ರಲ್ಲಿ ಪೂರ್ತಿ ಅಳಿಯುತ್ತದೆಯೇ ಎಂದು ಅಂಗಡಿಯವರು ಮೊದಲೇ ಆಳ ನೋಡಲಿ. ಅಳಿಯದಿದ್ದರೆ ಕೆಳಗಿನದಕ್ಕೆ 0.50 ಬೇಕಾಗುತ್ತದೆ, ಹಾಗಾಗಿ ಅದು ತಿಳಿದ ಮೇಲೇ ಪಿಸ್ಟನ್ ತರಿಸಿ.

ಕೂಡಿಸುವಾಗ: ಪಿಸ್ಟನ್ ತಲೆಯ ಮೇಲಿನ ಗುರುತು ಫ್ಲೈವೀಲ್ ಕಡೆಗೆ. ರಿಂಗಿನ ಬಾಯಿ ತೋಡಿನಲ್ಲಿರುವ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು, ಕೂತಿಲ್ಲದೆ ಬೋರಿಗೆ ತಳ್ಳಿದರೆ ಅಲ್ಲೇ ಮುರಿಯುತ್ತದೆ. ಪಿನ್ನಿನ ಸರ್ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ಕ್ಲಿಪ್) ಯಾವತ್ತೂ ಹೊಸದು, ಅದರ ಬಾಯಿ ಪಿಸ್ಟನ್ನಿನ ಕಚ್ಚಿಗೆ ಎದುರಾಗದಿರಲಿ. ಕ್ರ್ಯಾಂಕಿನ ಬೇರಿಂಗುಗಳಲ್ಲಿ ಇರುವ ಗುರುತು ಪಿನ್ನುಗಳು ಕೇಸಿನ ಗುಳಿಯಲ್ಲಿ ಕೂತ ಮೇಲೇ ಕೇಸ್ ಮುಚ್ಚಬೇಕು.

ಕೇಸಿನ ಎರಡು ಹೋಳುಗಳ ನಡುವೆ ಗ್ಯಾಸ್ಕೆಟ್ ಇಲ್ಲ. ಗಾಳಿ ಸಿಗದಿದ್ದಾಗ ಗಟ್ಟಿಯಾಗುವ ಅನೆರೋಬಿಕ್ ಸೀಲಂಟನ್ನು ತೆಳ್ಳಗೆ ಸವರಿ, ಬೇರಿಂಗಿನ ಕಡೆಗೆ ಹೋಗದಂತೆ. ಟ್ಯೂಬಿನಲ್ಲಿ ಸಿಗುವ ಸಿಲಿಕಾನ್ ಹಚ್ಚಿದರೆ ಪದರ ದಪ್ಪವಾಗಿ ಬೇರಿಂಗಿನ ಹಿಡಿತ ಸಡಿಲುತ್ತದೆ, ಹೊರಗೆ ಉಕ್ಕಿದ್ದು ಪೆಟ್ರೋಲಿಗೆ ಮೆತ್ತಗಾಗಿ ಕಿತ್ತು ಬರುತ್ತದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಹಂತದಲ್ಲಿ, ಕೈಪಿಡಿಯ ಟಾರ್ಕಿಗೆ. ಪ್ರತಿ ಬೋಲ್ಟ್ ಬಿಗಿಯುತ್ತಾ ಕ್ರ್ಯಾಂಕ್ ತಿರುಗಿಸಿ ನೋಡಿ. ಎಲ್ಲಾದರೂ ಗಟ್ಟಿಯಾದರೆ ಅಲ್ಲೇ ನಿಲ್ಲಿಸಿ ಬಿಚ್ಚಿ. ಫ್ಲೈವೀಲಿನ ಕೋನ್ ಎಣ್ಣೆಯಿಲ್ಲದೆ ಒಣಗಿರಬೇಕು.

ತದಡಿ_ದೋಣಿ:

ಕೊನೆಯದೊಂದು. ಮೊದಲ ಓಟಕ್ಕೆ ಎಣ್ಣೆ ಎಷ್ಟು? ಸ್ಕೂಟರಿನ 2ಟಿ ಎಣ್ಣೆ ಸುಲಭವಾಗಿ ಸಿಗುತ್ತದೆ, ಅದು ನಡೆಯುತ್ತದೆಯೇ?

ಕಾಳಿ_ನದಿ:

ನಡೆಯುವುದಿಲ್ಲ. ಸ್ಕೂಟರ್ ಎಣ್ಣೆಯಲ್ಲಿ ಬೂದಿ ಉಳಿಸುವ ಅಂಶಗಳಿರುತ್ತವೆ, ರಿಂಗ್ ಅಂಟುವುದಕ್ಕೆ ಅದೇ ಗೊಬ್ಬರ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 (ಔಟ್‌ಬೋರ್ಡಿಗೆಂದೇ ಮಾಡಿದ ಬೂದಿ ಉಳಿಸದ ಎಣ್ಣೆಯ ಗುರುತು) ಎಂದು ಇರಬೇಕು.

ಮೊದಲ 10 ತಾಸು 25:1, ಅಂದರೆ ಲೀಟರಿಗೆ 40 ಮಿ.ಲೀ. ಮೊದಲ 10 ನಿಮಿಷ ಬರೀ ಐಡ್ಲಿಂಗ್ ಹತ್ತಿರ, ಮುಂದಿನ 50 ನಿಮಿಷ ಅರ್ಧ ಥ್ರಾಟಲ್ ಮೀರದೆ, ಆಮೇಲಿನ ಎರಡು ತಾಸು ಮುಕ್ಕಾಲು, ಉಳಿದ ಏಳು ತಾಸಿನಲ್ಲಿ ಫುಲ್ ಕೊಟ್ಟರೂ ಒಮ್ಮೆಗೆ 5 ನಿಮಿಷ ದಾಟಬೇಡಿ. ಮೊದಲ ಒಂದು ತಾಸನ್ನು ಪೆಟ್ರೋಲಿನಲ್ಲೇ ಓಡಿಸಿ. ಡ್ರಮ್ಮಿನಲ್ಲಿ ಪರೀಕ್ಷಿಸುವುದಾದರೆ ನೀರು ಪಂಪಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಲಿ. 10 ತಾಸಿನ ನಂತರ ಕೈಪಿಡಿಯಲ್ಲಿ ನಿಮ್ಮ ಮಾದರಿಗೆ ಕೊಟ್ಟ ಪ್ರಮಾಣಕ್ಕೆ ಬನ್ನಿ, ಗೇರ್ ಎಣ್ಣೆ ಇಳಿಸಿ ಬಣ್ಣ ನೋಡಿ, ಕಂಪ್ರೆಷನ್ ಮತ್ತೆ ಅಳೆದು ಬರೆದಿಡಿ.

ದಡಕ್ಕೆ ಬರುವ ಐದು ನಿಮಿಷ ಮೊದಲು ಪೆಟ್ರೋಲಿಗೆ ತಿರುಗಿಸಿ, ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿಯದ ಹಾಗೆ. ಮನೆಗೆ ತಂದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ 10 ನಿಮಿಷ. ಇಂಜಿನ್ನಿನ ಬದಲು ತಾನು ಕರಗಲೆಂದು ಹಾಕಿರುವ ಜಿಂಕ್ ತುಂಡು ಅರ್ಧ ಕರಗಿದರೆ ಬದಲಿಸಿ, ಅದರ ಮೇಲೆ ಬಣ್ಣ ಹೊಡೆಯಬೇಡಿ. ಮತ್ತೆ ಹಾಕುವ ಪ್ರತಿ ಬೋಲ್ಟಿನ ಎಳೆಗೂ ಮೆರೈನ್ ಗ್ರೀಸ್ ತೆಳ್ಳಗೆ ಸವರಿ, ಮುಂದಿನ ಸಲ ಟಾರ್ಚ್ ಬೇಕಾಗುವುದಿಲ್ಲ.